ನಂದಿಬಟ್ಟಲು ರಸ, ಮೆಡಿಕಲ್ ಶಾಪಿನ ಡ್ರಾಪ್, ಆಮೇಲೆ ಬಿಳಿ ಚುಕ್ಕೆ: ಒಂದು ಆಪ್ತಸಲಹೆ ಪ್ರಕರಣ

ನಾನು ಕಣ್ಣಾಸ್ಪತ್ರೆಯೊಂದರ ಕಾರ್ನಿಯಾ (ಕರಿಗುಡ್ಡೆ ಮುಂದಿರೋ ಗಾಜಿನಂಥ ಪದರ) ವಿಭಾಗದಲ್ಲಿ ಕೌನ್ಸೆಲರ್. ಡಾಕ್ಟರ್ ಹೇಳಿದ್ದನ್ನ ಮನೆಯವ್ರಿಗೆ ಬಿಡಿಸಿ ಹೇಳೋದು, ಅವ್ರ ಭಯ, ದುಡ್ಡಿನ ಚಿಂತೆ, ಮನೆಯೊಳಗಿನ ಮುನಿಸು ಎಲ್ಲಾ ಕೇಳಿಸ್ಕೊಳ್ಳೋದು ನನ್ನ ಕೆಲ್ಸ. ಹೆಸ್ರು, ವಯಸ್ಸು, ಗುರುತು ಹತ್ತೋ ವಿವರ ಎಲ್ಲಾ ಬದಲಾಯಿಸಿದೀನಿ. ಗಿರಿಜಕ್ಕ ಅಂತ ಇಟ್ಕೊಳ್ಳಿ.

ಮಲೆನಾಡಿನ ಕಡೆಯವ್ರು, ನಲವತ್ತರ ಆಸುಪಾಸು. ಒಂದಿಷ್ಟು ಗದ್ದೆ, ಪಕ್ಕದಲ್ಲಿ ಶುಂಠಿ. ನಾಟಿ ಮಾಡುವಾಗ ಕೆಸರು ನೀರು ಎಡಗಣ್ಣಿಗೆ ಹಾರಿದೆ, ಸೆರಗಲ್ಲೇ ಒರೆಸ್ಕೊಂಡು ಸಂಜೆವರೆಗೂ ಸಸಿ ನೆಟ್ಟಿದಾರೆ. ರಾತ್ರಿ ಚುಚ್ಚೋಕೆ ಶುರುವಾದಾಗ ಅತ್ತೆ ನಂದಿಬಟ್ಟಲು ಹೂವು ಹಿಂಡಿ ರಸ ಬಿಟ್ರು. ಮೂರನೇ ದಿನ ಗಂಡ ಪೇಟೆ ಮೆಡಿಕಲ್ ಶಾಪಲ್ಲಿ ಕೇಳಿ ಒಂದು ಡ್ರಾಪ್ ತಂದ್ರು, ಅದ್ರಲ್ಲಿ ಸ್ಟೀರಾಯ್ಡ್ ಇತ್ತು. ಎರಡು ದಿನ ಕೆಂಪು ಇಳೀತು, ನೋವೂ ಕಮ್ಮಿ ಆಯ್ತು, ಎಲ್ರೂ ಸಮಾಧಾನ ಆದ್ರು. ಹತ್ತನೇ ದಿನ ಕನ್ನಡೀಲಿ ನೋಡ್ಕೊಂಡ್ರೆ ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ.

ಈ ಸ್ಟೀರಾಯ್ಡ್ ಡ್ರಾಪ್ ಬಗ್ಗೆ ನಂಗೆ ನಿಜಕ್ಕೂ ಸಿಟ್ಟಿದೆ. ಅದು ಕೆಂಪು ಇಳಿಸುತ್ತೆ ಅಷ್ಟೇ, ಸೋಂಕಿನ ವಿರುದ್ಧ ಕಣ್ಣು ಮಾಡ್ತಿರೋ ಹೋರಾಟಾನೂ ಅದು ತಗ್ಗಿಸಿಬಿಡುತ್ತೆ, ಆ ಗ್ಯಾಪಲ್ಲಿ ಫಂಗಸ್ ಆರಾಮಾಗಿ ಒಳಗೆ ಇಳಿಯುತ್ತೆ. ಡಾಕ್ಟರ್ ಚೀಟಿ ಇಲ್ದೆ ಯಾರೂ ಅದನ್ನ ಕೊಡಬಾರ್ದು, ನಾವೂ ಕೇಳಬಾರ್ದು.

ಬಂದ ದಿನ ಡಾಕ್ಟರ್ ಸ್ಲಿಟ್ ಲ್ಯಾಂಪಲ್ಲಿ, ಅಂದ್ರೆ ಕಣ್ಣನ್ನ ದೊಡ್ಡದಾಗಿ ತೋರಿಸೋ ಬೆಳಕಿನ ಯಂತ್ರದಲ್ಲಿ, ನೋಡಿದ್ರು. ಒಣಗಿದ ಹಾಗೆ ಕಾಣೋ ಬಿಳಿ ಹುಣ್ಣು, ಅಂಚು ಹಕ್ಕಿ ಪುಕ್ಕದ ಥರ ಹರಡಿದೆ, ಒಳಗೆ ತಳದಲ್ಲಿ ಸ್ವಲ್ಪ ಕೀವು ನಿಂತಿದೆ. ಮರಗಟ್ಟೋ ಡ್ರಾಪ್ ಹಾಕಿ ಸಣ್ಣ ಬ್ಲೇಡಲ್ಲಿ ಹುಣ್ಣಿನ ಅಂಚು ಕೆರೆದು ಲ್ಯಾಬಿಗೆ ಕಳಿಸಿದ್ರು. "ಕಣ್ಣನ್ನೇ ಕೆರೀತಾರಾ" ಅಂತ ಗಿರಿಜಕ್ಕ ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡಿದ್ರು. ನಾನು ಹೇಳಿದ್ದು, ಅಕ್ಕಾ, ಬ್ಯಾಕ್ಟೀರಿಯಾನಾ ಫಂಗಸ್ಸಾ ಅಂತ ಕಣ್ಣಲ್ಲಿ ನೋಡಿ ಊಹೆ ಮಾಡಬಹುದು, ಖಚಿತ ಆಗೋದು ಕೆರೆದಾಗ್ಲೇ, ಹಂಗೆ ಕೆರೆದ್ರೆ ಔಷಧಾನೂ ಚೆನ್ನಾಗಿ ಒಳಗೆ ಇಳಿಯುತ್ತೆ. ಕೆಓಎಚ್ ಅನ್ನೋ ಕ್ಷಾರದ ದ್ರಾವಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿದಾಗ ಎಳೆಎಳೆ ಕಾಣಿಸ್ತು, ಫಂಗಸ್ ಅಂತ ಅದನ್ನ ಕೊಲ್ಲೋ ಡ್ರಾಪ್ ನಟಾಮೈಸಿನ್ 5% ಶುರು ಮಾಡಿದ್ರು, ಹಗಲು ರಾತ್ರಿ ಗಂಟೆಗೊಂದು ಸರ್ತಿ.

ಇಲ್ಲೇ ನನ್ನ ಅಸಲಿ ಕೆಲ್ಸ ಶುರುವಾಗಿದ್ದು. ಅಡ್ಮಿಟ್ ಆಗೋಕೆ ಒಪ್ಪಲಿಲ್ಲ, ಊರಿಂದ ಓಡಾಡೋಕೂ ಆಗಲ್ಲ, ಪೇಟೇಲಿ ನೆಂಟರ ಮನೇಲಿ ಉಳ್ಕೊಂಡ್ರು. ಗಂಟೆಗೊಂದ್ಸಲ ಡ್ರಾಪ್ ಅಂದ್ರೆ ಹಾಕೋರು ಯಾರು? ಪಿಯುಸಿ ಓದೋ ಮಗ ಒಂದು ನೋಟ್‌ಬುಕ್ಕಲ್ಲಿ ಗೆರೆ ಹಾಕಿ ಟೈಮ್ ಬರ್ಕೊಂಡ. ನಾನು ತೋರಿಸಿಕೊಟ್ಟೆ: ಕೈ ತೊಳಿ, ಬಾಟ್ಲಿ ಚೆನ್ನಾಗಿ ಅಲ್ಲಾಡಿಸು, ಯಾಕಂದ್ರೆ ಔಷಧ ತಳಕ್ಕೆ ಕೂತಿರುತ್ತೆ, ಕೆಳಗಿನ ರೆಪ್ಪೆ ಎಳೆದು ಒಂದೇ ಹನಿ, ತುದಿ ಕಣ್ಣಿಗೆ ತಾಗಬಾರ್ದು, ಇನ್ನೊಂದು ಡ್ರಾಪ್ ಇದ್ರೆ ಹತ್ತು ನಿಮಿಷ ಬಿಟ್ಟು. ಹುಣ್ಣಿನ ಮೇಲೆ ಬಿಳಿ ಪುಡಿ ಅಂಟಿದ್ರೆ ಅದು ಔಷಧ, ಗಾಬರಿ ಬೇಡ. ಕಣ್ಣಿಗೆ ಬಟ್ಟೆ ಕಟ್ಟಬೇಡಿ.

ಅತ್ತೆ ಮಾತ್ರ ಬಾಗಿಲ ಹತ್ರಾನೇ ನಿಂತಿದ್ರು. ಅವ್ರ ಮಗ, ಅಂದ್ರೆ ಗಿರಿಜಕ್ಕನ ಗಂಡ, "ನೀನು ರಸ ಬಿಟ್ಟಿದ್ದಕ್ಕೇ ಹಿಂಗಾಯ್ತು" ಅಂದಿದ್ರಂತೆ. ನಾನು ಇಬ್ರನ್ನೂ ಕೂರಿಸಿ ಹೇಳಿದೆ, ರಸ ಬಿಡಬಾರ್ದಿತ್ತು, ಹೌದು, ಇನ್ಮೇಲೆ ಯಾರ ಕಣ್ಣಿಗೂ ಹಾಕಬೇಡಿ, ಎದೆಹಾಲೂ ಬೇಡ, ಹರಳೆಣ್ಣೇನೂ ಬೇಡ. ಆದ್ರೆ ಕೆಸರು ಮೊದ್ಲು, ರಸ ಆಮೇಲೆ, ನೀವು ತಂದ ಡ್ರಾಪ್ ಅದಕ್ಕೂ ಆಮೇಲೆ. ಯಾರ್ದು ಎಷ್ಟು ತಪ್ಪು ಅಂತ ಪಾಲು ಹಾಕ್ತಾ ಕೂತ್ರೆ ಎರಡು ಗಂಟೆಯ ಡ್ರಾಪ್ ತಪ್ಪುತ್ತೆ. ಗಂಡ ತಲೆ ತಗ್ಗಿಸಿದ್ರು.

ಎಂಟು ದಿನ ಆದ್ರೂ ಹುಣ್ಣು ಹಿಗ್ತಾನೇ ಇತ್ತು. "ಇದಕ್ಕಿಂತ ಕಾಸ್ಟ್ಲಿ ಡ್ರಾಪ್ ಇಲ್ವಾ ಮೇಡಂ" ಅಂತ ಮನೆಯವ್ರು ಕೇಳಿದ್ರು. ಇದೆ, ವೋರಿಕೊನಜೋಲ್. ಆದ್ರೆ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರವಿಂದ ಕಣ್ಣಾಸ್ಪತ್ರೆಗಳಲ್ಲಿ 323 ಜನರಿಗೆ ಎರಡನ್ನೂ ಹೋಲಿಸಿ ನೋಡಿದಾಗ ನಟಾಮೈಸಿನ್ನೇ ಮೇಲು ಅಂತ ಬಂತು, ಅದ್ರಲ್ಲೂ ಫ್ಯುಸೇರಿಯಂ ಅನ್ನೋ ಫಂಗಸ್ ಇದ್ದಾಗ. ರೇಟು ಜಾಸ್ತಿ ಅಂತ ಬದಲಾಯಿಸೋದಲ್ಲ ಅಂತ ಹೇಳಿದೆ. ಫಂಗಸ್ ಹುಣ್ಣು ವಾಸಿ ಆಗೋಕೆ ವಾರಗಟ್ಟಲೆ ಹಿಡಿಯುತ್ತೆ, ಹಾಗಂತ ದಿನಾ ಹಿಗ್ತಿದ್ರೆ ಸುಮ್ನೆ ಕೂರೋ ಹಾಗೂ ಇಲ್ಲ. ಡಾಕ್ಟರ್ ಲ್ಯಾಬ್‌ನವರ ಜೊತೆ ಮತ್ತೆ ಕೂತ್ರು.

ಕೆರೆದಿದ್ದನ್ನ ಬೆಳೆಸೋಕೆ ಇಟ್ಟಿದ್ದ ಕಲ್ಚರ್ ಪ್ಲೇಟಲ್ಲಿ ಬೆಳೆದಿದ್ದು ಚಪ್ಪಟೆ, ಬಣ್ಣವೇ ಇಲ್ಲದ್ದು. ಎಳೆಗಳು ಅಗಲ, ರಿಬ್ಬನ್ ಥರ, ಮಧ್ಯೆ ಅಡ್ಡಗೋಡೆ ತೀರಾ ಕಮ್ಮಿ. ಲ್ಯಾಬಲ್ಲಿ ಕುದಿಸಿದ ಹುಲ್ಲಿನ ಎಸಳನ್ನ ಆ ಪ್ಲೇಟ್ ಮೇಲೆ ಇಟ್ಟು, ಅಂಟಿದ ಮೇಲೆ ನೀರಿಗೆ ಹಾಕಿ ಕಾದ್ರು. ನಂಗೂ ತೋರಿಸಿದ್ರು: ಎಸಳಿನ ಅಂಚಲ್ಲಿ ಗುಳ್ಳೆ ಒಡೆದು ಸಣ್ಣ ಸಣ್ಣ ಕಣ ಹೊರಗೆ ಬಂದು ಸರಸರ ಈಜೋಕೆ ಶುರು ಮಾಡಿದ್ವು. ಅದು ಪಿಥಿಯಂ ಇನ್ಸಿಡಿಯೋಸಂ. ನೋಡೋಕೆ ಫಂಗಸ್, ನಿಜಕ್ಕೂ ಫಂಗಸ್ ಅಲ್ಲ, ನಿಂತ ನೀರಲ್ಲಿ, ಒದ್ದೆ ಮಣ್ಣಲ್ಲಿ ಇರುತ್ತೆ. ನಟಾಮೈಸಿನ್ ಹಿಡ್ಕೊಳ್ಳೋದು ಫಂಗಸ್ ಪೊರೆಯಲ್ಲಿರೋ ಎರ್ಗೋಸ್ಟೆರಾಲ್ ಅನ್ನೋ ಕೊಬ್ಬಿನಂಥ ವಸ್ತುವನ್ನ, ಇದಕ್ಕೆ ಅದು ಇಲ್ವೇ ಇಲ್ಲ.

ಇದನ್ನ ಮನೆಯವ್ರಿಗೆ ಹೇಳೋದು ಹೆಂಗೆ ಅಂತ ಯೋಚ್ನೆ ಮಾಡ್ತಿದ್ದೆ, ಹೆಸರು ಕೇಳಿದ ಕೂಡ್ಲೇ ಗಂಡಾನೇ ಅಂದ್ರು, "ಪಿಥಿಯಂ? ಶುಂಠಿ ಗಡ್ಡೆ ಕೊಳೆಯೋದಕ್ಕೂ ಅದೇ ಹೆಸ್ರು ಹೇಳ್ತಾರಲ್ಲ ಮೇಡಂ." ಹೌದು, ಜಾತಿ ಬೇರೆ, ಕುಲ ಒಂದೇ. ಅಡಿಕೆ ಕೊಳೆರೋಗದ್ದೂ ದೂರದ ನೆಂಟ. ಕೊಳೆಗೆ ಸಿಕ್ಕ ಸಿಕ್ಕ ಔಷಧ ಹೊಡೆದ್ರೆ ಆಗಲ್ಲ ಅಂತ ಅವ್ರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಮೇಲೆ ಲಿನೆಜೋಲಿಡ್ ಡ್ರಾಪ್, ಅಜಿತ್ರೋಮೈಸಿನ್ ಡ್ರಾಪ್ ಮತ್ತು ಮಾತ್ರೆ ಶುರುವಾದಾಗ, ಇವು ಬ್ಯಾಕ್ಟೀರಿಯಾಕ್ಕೆ ಕೊಡೋದಲ್ವಾ ಅಂತ ಅವ್ರು ಪ್ರಶ್ನೆ ಮಾಡಲಿಲ್ಲ.

ಅಷ್ಟಾದ್ರೂ ಹುಣ್ಣು ಅಂಚಿನ ಹತ್ರ ಬಂತು, ಕಾರ್ನಿಯಾ ತೆಳ್ಳಗಾಯ್ತು, ಆಪರೇಷನ್ ಅಂದ್ರು. ಗಿರಿಜಕ್ಕಂಗೆ "ಸತ್ತೋರ ಕಣ್ಣು" ಅನ್ನೋದೇ ಭಯ. ನಾನು ಹೇಳಿದೆ, ಗುಡ್ಡೆ ಪೂರ್ತಿ ಬದಲಾಯಿಸಲ್ಲ ಅಕ್ಕಾ, ಮುಂದಿನ ಗಾಜಿನಂಥ ಪದರ ಮಾತ್ರ. ಈ ಆಪರೇಷನ್ ಸೋಂಕು ತೆಗೆದು ಕಣ್ಣು ಉಳಿಸೋಕೆ, ದೃಷ್ಟಿ ಎಷ್ಟು ಬರುತ್ತೆ ಅಂತ ಇವತ್ತು ಮಾತು ಕೊಡಲ್ಲ. ಸೋಂಕು ಮರುಕಳಿಸಬಹುದು ಅಂತಾನೂ ಮುಚ್ಚಿಡಲಿಲ್ಲ. ಒಂದು ರಾತ್ರಿ ಯೋಚ್ನೆ ಮಾಡಿ ಬೆಳಿಗ್ಗೆ ಸಹಿ ಹಾಕಿದ್ರು.

ಮೂರು ತಿಂಗಳಾಯ್ತು. ಸೋಂಕು ವಾಪಸ್ ಬಂದಿಲ್ಲ. ಎಡಗಣ್ಣಲ್ಲಿ ಹತ್ರ ಹಿಡಿದ ಬೆರಳು ಎಣಿಸ್ತಾರೆ, ದೃಷ್ಟಿಗೋಸ್ಕರ ಇನ್ನೊಂದು ಆಪರೇಷನ್ ಬೇಕಾಗಬಹುದು, ಅದು ಕಣ್ಣು ಪೂರ್ತಿ ತಣ್ಣಗಾದ ಮೇಲೆ. ಗದ್ದೆಗೆ ಇಳಿಯೋರೆಲ್ಲಾ ಕನ್ನಡಕ ಹಾಕ್ಕೊಳ್ಳಿ, ಕೆಸರು ಹಾರಿದ್ರೆ ಉಜ್ಜದೆ ಶುದ್ಧ ನೀರಲ್ಲಿ ತೊಳೀರಿ, ಮಾರನೇ ದಿನಾನೂ ಚುಚ್ಚಿದ್ರೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ಅಲ್ಲೀವರೆಗೂ ಹಾಕಿದ ಡ್ರಾಪ್ ಬಾಟ್ಲಿ ಜೊತೇಲಿ ತಗೊಂಡು ಹೋಗಿ ಅಂತ ಅವ್ರ ಊರಿನವ್ರಿಗೂ ಹೇಳಿ ಕಳಿಸಿದೀನಿ. ಹೋದ ವಾರ ಬಂದಾಗ ಆ ನೋಟ್‌ಬುಕ್ ತಂದಿದ್ರು, ಮಗ ಕಾಲೇಜಿಗೆ ಹೋಗ್ತಾನೆ, ರಾತ್ರಿ ಹತ್ತರ ಸಾಲಲ್ಲಿ ಬೇರೆಯವ್ರ ಗುರುತು. ಯಾರ್ದು ಅಂದೆ. "ಅತ್ತೇದು, ಸೋಪ್ ಹಾಕಿ ಎರಡೆರಡು ಸಲ ಕೈ ತೊಳ್ಕೊಂಡು ಬರ್ತಾರೆ" ಅಂದ್ರು.