ಪ್ಲಸ್ ಟು ಬಿಟ್ಟು ಟೇಬಲ್ ಟೆನಿಸ್ ವೃತ್ತಿಗೆ ಇಳಿಯಬಹುದೇ?

ಕಾಸರಗೋಡಿನಂತಹ ಊರಿನಲ್ಲಿದ್ದರೆ ವೃತ್ತಿಪರ ಟೇಬಲ್ ಟೆನಿಸ್ ಆಟಗಾರನಾಗಲು ಸಾಧ್ಯವಿಲ್ಲ, ಆದ್ದರಿಂದ ಪ್ಲಸ್ ಟು ಅರ್ಧಕ್ಕೆ ಬಿಟ್ಟು ಬೆಂಗಳೂರಿಗೆ ಹೋಗಲೇ ಎಂದು ಕೇಳಿದ್ದೀರಿ. 2008ರಲ್ಲಿ ಬದಿಯಡ್ಕದ ಬಸ್ಸಿನಲ್ಲಿ ಕುಳಿತು ನಾನೂ ಇದನ್ನೇ ಯೋಚಿಸುತ್ತಿದ್ದೆ.

ನಾನು ಶಾಲೆಯ ಸಭಾಂಗಣದಲ್ಲಿದ್ದ, ಮಳೆನೀರು ಬಿದ್ದು ಒಂದು ಮೂಲೆ ಉಬ್ಬಿದ ಮೇಜಿನ ಮೇಲೆ ಆಟ ಕಲಿತವನು. ಅನಂತರ ವಾರಕ್ಕೆರಡು ದಿನ ರೈಲು ಹತ್ತಿ ಮಂಗಳೂರಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆ. ಅಭ್ಯಾಸ ಕರ್ನಾಟಕದಲ್ಲಿ, ಆಡುವುದು ಕೇರಳದ ಪರವಾಗಿ; ಗಡಿಯವರ ಪಾಡು ನಿಮಗೆ ಹೇಳಬೇಕಾಗಿಲ್ಲ. ಸುತ್ತಮುತ್ತಲಿನ ಪಂದ್ಯಾವಳಿಗಳಲ್ಲಿ ನನ್ನ ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ ಹೊಡೆತಕ್ಕೆ ಹೆದರದವರು ಕಡಿಮೆ. ಆ ಹೊಡೆತದ ಅರ್ಧ ಬಲ ಸೈಕಲ್ ಅಂಗಡಿಯಿಂದ ತರುತ್ತಿದ್ದ ಪಂಕ್ಚರ್ ಸೊಲ್ಯೂಷನ್ನಿನದಾಗಿತ್ತು.

ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಾನು ಕೆಟ್ಟದ್ದು ಇಲ್ಲಿಯೇ. ಬ್ಯಾಟಿನ ರಬ್ಬರಿನ ಅಡಿಯಲ್ಲಿರುವ ಸ್ಪಂಜಿಗೆ ಬೇಗ ಆವಿಯಾಗುವ ದ್ರಾವಕವುಳ್ಳ ಇಂತಹ ಅಂಟನ್ನು ಹಚ್ಚಿದರೆ, ಆ ಆವಿ ಸ್ಪಂಜಿನ ರಂಧ್ರಗಳಲ್ಲಿ ತುಂಬಿ ಅದನ್ನು ಉಬ್ಬಿಸುತ್ತದೆ, ಮೇಲಿನ ರಬ್ಬರು ಮದ್ದಳೆಯ ಚರ್ಮದಂತೆ ಬಿಗಿಯುತ್ತದೆ, ತಾಗಿದ ಚೆಂಡು ಟಣ್ಣೆಂದು ಸಿಡಿಯುತ್ತದೆ. ಗುಣ ಕೆಲವು ಗಂಟೆ ಮಾತ್ರ ಉಳಿಯುವುದರಿಂದ ಪಂದ್ಯಕ್ಕೆ ಮೊದಲು ರಬ್ಬರು ಕಿತ್ತು ಮತ್ತೆ ಹಚ್ಚಬೇಕು. ಇದನ್ನೇ ಸ್ಪೀಡ್ ಗ್ಲೂ ಎನ್ನುತ್ತಿದ್ದೆವು. ಆ ಆವಿ ಆರೋಗ್ಯಕ್ಕೆ ಹಾನಿಕರವೆಂಬ ಕಾರಣಕ್ಕೆ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಒಕ್ಕೂಟವು 2008ರ ಸೆಪ್ಟೆಂಬರಿನಿಂದ ಅದನ್ನು ನಿಷೇಧಿಸಿತು.

ನಿಷೇಧ ನನಗೆ ಹೇಳದೆ ಬಂದದ್ದಲ್ಲ. ಮಂಗಳೂರಿನಲ್ಲಿ ಕಲಿಸುತ್ತಿದ್ದ ಮಾಷ್ಟ್ರು ಒಂದು ವರ್ಷ ಮೊದಲೇ, "ಈಗಲೇ ನೀರಿನ ಅಂಟಿಗೆ ಬಾ ಮಾರಾಯ, ಆರು ತಿಂಗಳು ಸೋತರೆ ಸೋಲು" ಎಂದಿದ್ದರು. ದ್ರಾವಕವಿಲ್ಲದ ಆ ಅಂಟಿನಲ್ಲಿ ನಾನು ಒಂದು ದಿನ ಆಡಿ ನೋಡಿದೆ. ಅದೇ ಬೀಸಿಗೆ, ಬ್ಯಾಟಿನ ಅದೇ ಓರೆಗೆ ಚೆಂಡು ನೆಟ್ಟಿಗೆ ಬಿತ್ತು. ಅಂಟು ಕೊಡುತ್ತಿದ್ದ ಚಿಮ್ಮನ್ನು ಇನ್ನು ಕಾಲು ಮತ್ತು ಸೊಂಟದಿಂದ ತರಬೇಕಿತ್ತು, ಅಂದರೆ ಹೊಡೆತವನ್ನು ಬುಡದಿಂದ ಕಲಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಕುಂಬಳೆಯಲ್ಲಿ ಪಂದ್ಯವಿತ್ತು, ಅದರ ಮುಂದಿನ ತಿಂಗಳು ನೀಲೇಶ್ವರದಲ್ಲಿ. ಬಹುಮಾನದ ಕಪ್ಪು ಕೈತಪ್ಪುವುದನ್ನು ನೋಡಲಾಗದೆ ಮತ್ತೆ ಸೊಲ್ಯೂಷನ್ನಿಗೇ ಮರಳಿದೆ. ಹೀಗೆ ಒಂದು ವರ್ಷದಲ್ಲಿ ಮನೆಯ ಕಪಾಟಿಗೆ ಒಂಬತ್ತು ಕಪ್ಪುಗಳು ಬಂದವು. ಅಮ್ಮ ಈಗ ಅವುಗಳಲ್ಲೊಂದರಲ್ಲಿ ಅಡಿಕೆ ಹೋಳು ಇಡುತ್ತಾರೆ.

2009ರಲ್ಲಿ ಒಂದು ಇಲಾಖೆಯ ಕ್ರೀಡಾ ಕೋಟಾದ ಆಯ್ಕೆಗೆ ಹೋದಾಗ, ನಾನು ಹಿಂದೆ ಎರಡು ಬಾರಿ ಸೋಲಿಸಿದ್ದ ಹುಡುಗನೇ ಎದುರಿಗೆ ಬಂದ. ಅವನು ನಾನು ಕಪ್ಪು ಗೆಲ್ಲುತ್ತಿದ್ದ ಆ ವರ್ಷವಿಡೀ ಸೋಲುತ್ತಲೇ ನೀರಿನ ಅಂಟಿನಲ್ಲಿ ಆಡಿದ್ದ. ನೇರ ಗೇಮುಗಳಲ್ಲಿ ಸೋತೆ, ಕೊನೆಯದರಲ್ಲಿ 11ಕ್ಕೆ 4. ಊರು ಸಣ್ಣದೆಂಬ ನೆಪ ನನಗೂ ಹೊಳೆದಿತ್ತು, ಆದರೆ ಆ ಹುಡುಗನ ಊರು ನನ್ನದಕ್ಕಿಂತ ಸಣ್ಣದು.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಓದು ಅಥವಾ ಆಟ ಎಂದು ತಕ್ಕಡಿ ಹಿಡಿದಿದ್ದೀರಿ. ನಮ್ಮ ದೇಶದಲ್ಲಿ ಈ ಆಟದ ವೃತ್ತಿಯೆಂದರೆ ಬಹುಮಟ್ಟಿಗೆ ನೌಕರಿಯೇ: ಹತ್ತು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಶರತ್ ಕಮಲ್ ಇಂಡಿಯನ್ ಆಯಿಲ್‌ನ ಉದ್ಯೋಗಿ, ಶ್ರೀಜಾ ಅಕುಲಾ ರಿಸರ್ವ್ ಬ್ಯಾಂಕಿನವರು. ಕ್ರೀಡಾ ಕೋಟಾದ ಗುಮಾಸ್ತ ಹುದ್ದೆಗೂ ವಿದ್ಯಾರ್ಹತೆ ಕೇಳುವಾಗ ಪ್ಲಸ್ ಟು ಬಿಡುವುದು ಶುದ್ಧ ದಡ್ಡತನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆಡಿದ ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ ಕೂಡ 2024ರಲ್ಲಿ ಓದಿಗಾಗಿ ಆಟವನ್ನೇ ಬಿಟ್ಟರು. ಓದು ಕೈಯಲ್ಲಿದ್ದುದರಿಂದ ಅವರಿಗೆ ಆ ದಾರಿ ತೆರೆದಿತ್ತು.

ಬೆಂಗಳೂರಿಗೆ ರಜೆಯಲ್ಲಿ ಹೋಗಿ, ನಿಮಗಿಂತ ಬಲವಾದವರೊಡನೆ ಆಡಿ ಬನ್ನಿ. ಉಳಿದ ದಿನಗಳಲ್ಲಿ, ಈಗ ಗೆಲ್ಲಿಸುತ್ತಿರುವ ಹೊಡೆತವನ್ನು ಅನುಮಾನದಿಂದ ನೋಡಿ. ಈ ಆಟದ ನಿಯಮ ಒಂದೆಡೆ ನಿಲ್ಲುವುದಿಲ್ಲ: 2000ದಲ್ಲಿ ಚೆಂಡು 38 ಮಿ.ಮೀ.ಯಿಂದ 40ಕ್ಕೆ ಬೆಳೆಯಿತು, 2001ರಲ್ಲಿ 21 ಅಂಕಗಳ ಗೇಮು 11ಕ್ಕೆ ಇಳಿಯಿತು, 2014ರಲ್ಲಿ ಸೆಲ್ಯುಲಾಯ್ಡ್ ಚೆಂಡಿನ ಜಾಗಕ್ಕೆ ಪ್ಲಾಸ್ಟಿಕ್ ಬಂತು. ಶರತ್ ಕಮಲ್ 2006ರಲ್ಲಿ ಮೆಲ್ಬರ್ನ್ ಕಾಮನ್‌ವೆಲ್ತ್ ಕೂಟದ ಸಿಂಗಲ್ಸ್ ಚಿನ್ನ ಗೆದ್ದದ್ದು ಸ್ಪೀಡ್ ಗ್ಲೂ ಕಾಲದಲ್ಲಿ. 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ, 40ರ ವಯಸ್ಸಿನಲ್ಲಿ, ಮತ್ತೆ ಅದೇ ಚಿನ್ನ ಗೆದ್ದಾಗ ಆ ಅಂಟೂ ಇರಲಿಲ್ಲ, ಆ ಚೆಂಡೂ ಇರಲಿಲ್ಲ.

ನಾನೀಗ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಸಂಜೆ ಅದೇ ಮೂಲೆ ಉಬ್ಬಿದ ಮೇಜಿನಲ್ಲಿ ಮಕ್ಕಳಿಗೆ ಕಲಿಸುತ್ತೇನೆ. ನಿಮ್ಮ ಮುಖ್ಯ ಹೊಡೆತ ಯಾವುದು, ಅದು ವಿಫಲವಾದ ದಿನ ಅಂಕ ಹೇಗೆ ಗಳಿಸುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ಮೊದಲು ಅದನ್ನು ತಿಳಿಸಿ.