ಮಗನಿಗೆ ಏರ್‌ಫೋರ್ಸ್ ಟೆಕ್ನಿಷಿಯನ್ ಆಗಬೇಕಂತೆ: ಪಿಯುಸಿಯೋ, ಡಿಪ್ಲೊಮಾನೋ?

ಪ್ರಶ್ನೆ: ನಮ್ಮ ಮನೆ ಬೀದರ್‌ನಲ್ಲಿ. ಹಾಕ್ ತರಬೇತಿ ವಿಮಾನಗಳು ತಲೆಯ ಮೇಲೇ ಹಾರುತ್ತವೆ. ಅದನ್ನು ನೋಡಿ ನೋಡಿ ಮಗನಿಗೆ ವಾಯುಪಡೆಯ ಹುಚ್ಚು ಹಿಡಿದಿದೆ. ಪೈಲಟ್ ಆಗೋದಲ್ಲ, ವಿಮಾನ ಬಿಚ್ಚಿ ಜೋಡಿಸುವ ಕೆಲಸವೇ ಬೇಕಂತೆ. ಈ ವರ್ಷ ಎಸ್ಸೆಸ್ಸೆಲ್ಸಿ. ಪಿಯುಸಿ ಸೈನ್ಸ್‌ಗೆ ಹಾಕಲೋ, ಡಿಪ್ಲೊಮಾಕ್ಕೋ? ನಾಲ್ಕೇ ವರ್ಷಕ್ಕೆ ಮನೆಗೆ ಕಳಿಸುತ್ತಾರೆ ಅಂತಾರಲ್ಲ, ನಿಜವೇ?

ಉತ್ತರ: ಮೊದಲು ಆ ನಾಲ್ಕು ವರ್ಷದ ಮಾತು ಮುಗಿಸೋಣ, ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ.

ಹೌದು, ನಿಜ. ನಾನು ವಾಯುಪಡೆಗೆ ಏರ್‌ಫ್ರೇಮ್ ಫಿಟ್ಟರ್ (ವಿಮಾನದ ಒಡಲು ನೋಡಿಕೊಳ್ಳುವ ಮೆಕ್ಯಾನಿಕ್) ಆಗಿ ಸೇರಿದಾಗ ಮೊದಲ ಒಪ್ಪಂದವೇ 20 ವರ್ಷದ್ದು. ಕೊನೆಗೆ ಪೆನ್ಷನ್. 2022ರಿಂದ ಅಗ್ನಿವೀರವಾಯು ಎಂಬ ಬಾಗಿಲಿನಿಂದಲೇ ಹುಡುಗರು ಒಳಗೆ ಬರಬೇಕು. ನಾಲ್ಕು ವರ್ಷದ ಸೇವೆ, ತರಬೇತಿಯೂ ಅದರಲ್ಲೇ ಸೇರಿದೆ. ಆಮೇಲೆ ಹೆಚ್ಚೆಂದರೆ ಶೇ 25ರಷ್ಟು ಜನರನ್ನು ಕಾಯಂ ಮಾಡುತ್ತಾರೆ. ನಾಲ್ವರಲ್ಲಿ ಮೂವರು ಹೊರಗೆ. ನಿಮ್ಮ ಮಗ ಆ ಒಬ್ಬ ಆಗಬಹುದು, ಆಗದೆಯೂ ಇರಬಹುದು. ಹೊರಬಂದ ಮೂವರಿಗೆ ಪೆನ್ಷನ್ ಇಲ್ಲ.

ದುಡ್ಡಿನ ಲೆಕ್ಕ ಹೀಗಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೇ ವರ್ಷಕ್ಕೆ 40,000. ಇದರಲ್ಲಿ ಶೇ 30 ಸೇವಾ ನಿಧಿಗೆ, ಅಂದರೆ ಹೊರಬರುವಾಗ ಒಟ್ಟಿಗೆ ಸಿಗುವ ಉಳಿತಾಯಕ್ಕೆ ಹೋಗುತ್ತದೆ. ಹಾಗಾಗಿ ಮೊದಲ ವರ್ಷ ಕೈಗೆ ಸಿಗೋದು 21,000. ನಿಧಿಗೆ ಹೋದಷ್ಟೇ ಮೊತ್ತವನ್ನು ಸರ್ಕಾರವೂ ಹಾಕುತ್ತದೆ. ಹೊರಬರುವಾಗ ಸುಮಾರು 10 ಲಕ್ಷ, ಜೊತೆಗೆ ಬಡ್ಡಿ. 'ಸರ್ಕಾರ 10 ಲಕ್ಷ ಕೊಡುತ್ತೆ' ಅಂತ ಊರಲ್ಲಿ ಹೇಳುತ್ತಾರಲ್ವಾ, ಅದರಲ್ಲಿ ಅರ್ಧ ಹುಡುಗನ ಸಂಬಳದ್ದೇ.

ಅದಕ್ಕೇ ನಾನು ಡಿಪ್ಲೊಮಾ ಅನ್ನೋದು. ಹದಿನೇಳೂವರೆಯಿಂದ 21 ವರ್ಷದೊಳಗಿನ, ಮದುವೆಯಾಗದವರು ಅರ್ಜಿ ಹಾಕಬಹುದು. ಗಣಿತ, ಭೌತಶಾಸ್ತ್ರ, ಇಂಗ್ಲಿಷ್ ಇರುವ ಪಿಯುಸಿಯಾದರೂ ಸರಿ, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್, ಆಟೊಮೊಬೈಲ್‌ನಂಥ ಮೂರು ವರ್ಷದ ಡಿಪ್ಲೊಮಾ ಆದರೂ ಸರಿ. ಪಿಯುಸಿ ಹುಡುಗನಿಗೆ ಪ್ರಯತ್ನ ಮಾಡಲು ಒಂದು ವರ್ಷ ಜಾಸ್ತಿ ಸಿಗುತ್ತದೆ, ಒಪ್ಪಿದೆ. ಆದರೆ 23ನೇ ವಯಸ್ಸಿನಲ್ಲಿ ಹೊರಬಂದಾಗ ಅವನ ಕೈಲಿರೋದು ಪಿಯುಸಿ ಅಂಕಪಟ್ಟಿ. ಡಿಪ್ಲೊಮಾ ಹುಡುಗನ ಕೈಲಿ ಡಿಪ್ಲೊಮಾವೂ ಇರುತ್ತದೆ, ವಿಮಾನದ ಮೇಲೆ ದುಡಿದ ಅನುಭವವೂ ಇರುತ್ತದೆ. ಎಚ್‌ಎಎಲ್ ಸೇರಿದಂತೆ 16 ರಕ್ಷಣಾ ಕಂಪನಿಗಳಲ್ಲಿ ಅಗ್ನಿವೀರರಿಗೆ ಶೇ 10 ಮೀಸಲು ಎಂದು 2022ರಲ್ಲಿ ಘೋಷಣೆಯಾಗಿದೆ. ಆದರೆ ಮೀಸಲಾತಿ ಇದ್ದರೂ ಹುದ್ದೆಗೆ ತಕ್ಕ ಓದು ಬೇಕೇ ಬೇಕು.

ಡಿಪ್ಲೊಮಾದಲ್ಲಿ ಒಂದು ಹಳ್ಳ ಇದೆ. ಆಯ್ಕೆ ಪರೀಕ್ಷೆ ಬರೋದು ಸಿಬಿಎಸ್‌ಇ 12ನೇ ತರಗತಿಯ ಭೌತಶಾಸ್ತ್ರ, ಗಣಿತ, ಇಂಗ್ಲಿಷ್ ಮೇಲೆ. 60 ನಿಮಿಷ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ, ಕನ್ನಡದಲ್ಲಿ ಇಲ್ಲ. ಡಿಪ್ಲೊಮಾ ಹುಡುಗರು ಆ ಪಠ್ಯ ಓದಿಯೇ ಇರೋದಿಲ್ಲ, ಅಲ್ಲೇ ಮುಗ್ಗರಿಸುತ್ತಾರೆ. ಎರಡನೇ ವರ್ಷದಿಂದಲೇ ಪಿಯು ಭೌತಶಾಸ್ತ್ರದ ಪುಸ್ತಕ ಜೊತೆಗಿಟ್ಟುಕೊಳ್ಳಲಿ. ಒಟ್ಟು ಅಂಕ ಶೇ 50 ಬೇಕು, ಇಂಗ್ಲಿಷ್‌ನಲ್ಲಿ ಬೇರೆಯಾಗಿ ಶೇ 50 ಬೇಕು. ಡಿಪ್ಲೊಮಾದಲ್ಲಿ ಇಂಗ್ಲಿಷ್ ವಿಷಯವೇ ಇಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಅಂಕ ನೋಡುತ್ತಾರೆ. ಹಾಗಾಗಿ ಈ ವರ್ಷದ ಇಂಗ್ಲಿಷ್ ಪರೀಕ್ಷೆಯನ್ನು ಹಗುರವಾಗಿ ತಗೋಬೇಡ ಅಂತ ಇವತ್ತೇ ಹೇಳಿಬಿಡಿ. ಓಟ ಕಷ್ಟ ಏನಲ್ಲ: 1.6 ಕಿಲೋಮೀಟರ್, 7 ನಿಮಿಷ.

ಆಯ್ಕೆಯಾದ ಮೇಲೆ ಮೊದಲ ಊರು ನಮ್ಮ ಬೆಳಗಾವಿಯೇ. ಸಾಂಬ್ರಾದ ಏರ್‌ಮೆನ್ ತರಬೇತಿ ಶಾಲೆ. ಪರೇಡ್, ರೈಫಲ್, ಶಿಸ್ತು ಎಲ್ಲ ಅಲ್ಲಿ. ಟ್ರೇಡ್, ಅಂದರೆ ಅವರವರ ತಾಂತ್ರಿಕ ಕಸುಬು, ಕಲಿಯೋದು ಆಮೇಲೆ. ಚೆನ್ನೈ ಬಳಿಯ ತಾಂಬರಂ ಮೆಕ್ಯಾನಿಕಲ್ ಕೆಲಸಗಳಿಗೆ ಹೆಸರುವಾಸಿ, ಬೆಂಗಳೂರಿನ ಜಾಲಹಳ್ಳಿ ಎಲೆಕ್ಟ್ರಾನಿಕ್ಸ್‌ಗೆ. ಎಂಜಿನ್ ಬೇಕು ಅಂತ ಹೋದವನಿಗೆ ಬೇರೇನೋ ಸಿಗಬಹುದು. ಅದು ಅವರ ಅಗತ್ಯದ ಮೇಲೆ, ನಮ್ಮ ಆಸೆಯ ಮೇಲಲ್ಲ.

ಇನ್ನು ಕೆಲಸ. 'ಬಿಚ್ಚಿ ಜೋಡಿಸುವುದು' ಅಂದಿರಿ. ಅದು ಸ್ವಲ್ಪ ಭಾಗ ಮಾತ್ರ. ಜಾಸ್ತಿ ಹೊತ್ತು ಹೋಗೋದು ನೋಡುವುದರಲ್ಲಿ, ಎಣಿಸುವುದರಲ್ಲಿ, ಬರೆಯುವುದರಲ್ಲಿ. ಬೆಳಗ್ಗೆ ಎಲ್ಲರೂ ಸಾಲಾಗಿ ನಿಂತು ನೆಲ ನೋಡುತ್ತ ನಡೆಯುತ್ತೇವೆ. ಒಂದು ಕಲ್ಲು, ಒಂದು ತಂತಿ ಚೂರು ಸಿಕ್ಕರೂ ಹೆಕ್ಕಬೇಕು, ಎಂಜಿನ್ ಒಳಗೆಳೆದುಕೊಂಡರೆ ಬ್ಲೇಡ್ ಹೋಯಿತು. ಹಾರುವ ಮುಂಚೆ ಒಂದು ತಪಾಸಣೆ, ಇಳಿದು ಮತ್ತೆ ಹಾರುವ ನಡುವೆ ಒಂದು, ದಿನದ ಕೊನೆಗೆ ಇನ್ನೊಂದು. ಟೈರ್, ಬ್ರೇಕ್, ಸೋರಿಕೆ, ಸಡಿಲವಾದ ಸ್ಕ್ರೂ. ಪೈಲಟ್ ಇಳಿದು 'ಸ್ನ್ಯಾಗ್' (ಹಾರುವಾಗ ಕಂಡ ದೋಷ) ಬರೆದರೆ ಅದನ್ನು ಹುಡುಕಿ ಸರಿಮಾಡಬೇಕು. ಸರಿಮಾಡಿದವನು ವಿಮಾನದ ನಿರ್ವಹಣಾ ದಾಖಲೆಯಾದ ಫಾರ್ಮ್ 700ರಲ್ಲಿ ಸಹಿ ಹಾಕಬೇಕು. ಆ ಸಹಿಯನ್ನು ನಂಬಿಯೇ ಪೈಲಟ್ ಹತ್ತುವುದು.

ಟೂಲ್ ಹಲಗೆಯ ಮೇಲೆ ಪ್ರತಿ ಸ್ಪ್ಯಾನರ್‌ನ ಆಕಾರ ಬರೆದಿರುತ್ತಾರೆ. ಜಾಗ ಖಾಲಿ ಇದ್ದರೆ ವಿಮಾನ ಹಾರುವಂತಿಲ್ಲ. ಒಮ್ಮೆ ನಮ್ಮ ಶಿಫ್ಟ್ ಮುಗಿಯುವಾಗ ನಟ್ ತಿರುಗಿಸುವ ಒಂದು ಸಾಕೆಟ್ ಕಾಣಲಿಲ್ಲ. ಪ್ಯಾನೆಲ್‌ಗಳನ್ನೆಲ್ಲ ಮತ್ತೆ ತೆರೆದೆವು. ರಾತ್ರಿ ಎರಡು ಗಂಟೆಗೆ ಅದು ಸಿಕ್ಕಿದ್ದು ಕೈ ಒರೆಸುವ ಬಟ್ಟೆಯ ಮಡಿಕೆಯಲ್ಲಿ. ಆ ಬಟ್ಟೆ ನನ್ನದು. ಯಾರೂ ಬೈಯಲಿಲ್ಲ. 'ಹೇಳಿದ್ದಕ್ಕೆ ಒಳ್ಳೆಯದಾಯಿತು' ಎಂದರು ನಮ್ಮ ಹಿರಿಯರಾದ ವಾರಂಟ್ ಆಫೀಸರ್. ನಿಮ್ಮ ಮಗ ತಪ್ಪು ಮಾಡಿದಾಗ ಬಾಯಿ ಬಿಟ್ಟು ಹೇಳುವವನೋ, ಮುಚ್ಚಿಡುವವನೋ? ಈ ಕೆಲಸಕ್ಕೆ ಅವನು ಸರಿಹೋಗುತ್ತಾನಾ ಅನ್ನೋದಕ್ಕೆ ಅಂಕಪಟ್ಟಿಗಿಂತ ಅದನ್ನು ನೋಡಿ.

ಪ್ರಶ್ನೆ: ನಾನು ವಿಜಯಪುರದ ಪಿಯು ವಿದ್ಯಾರ್ಥಿನಿ. ಹುಡುಗಿಯರನ್ನು ತಗೋತಾರಾ ಸರ್? ನನಗೆ ಕನ್ನಡಕ ಇದೆ, ಲೇಸರ್ ಮಾಡಿಸಿಕೊಳ್ಳಲೇ?

ಉತ್ತರ: ಲೇಸರ್ ಮಾತ್ರ ಬೇಡ ತಂಗಿ! ಅಗ್ನಿವೀರವಾಯು ವೈದ್ಯಕೀಯ ನಿಯಮದಲ್ಲಿ ಲೇಸಿಕ್‌ನಂಥ ಕಣ್ಣಿನ ಶಸ್ತ್ರಚಿಕಿತ್ಸೆ ನಡೆಯುವುದಿಲ್ಲ. ಸಣ್ಣ ನಂಬರ್ ಇದ್ದರೆ ಕನ್ನಡಕವೇ ಪರವಾಗಿಲ್ಲ, ನಂಬರಿಗೆ ಮಿತಿ ಇದೆ. ಅರ್ಜಿ ಹಾಕುವ ಮುಂಚೆ ಕಣ್ಣಿನ ವೈದ್ಯರ ಹತ್ತಿರ ಹೋಗಿ ನಂಬರ್ ಬರೆಸಿಕೊಂಡು, ಆ ವರ್ಷದ ಅಧಿಸೂಚನೆ ಜೊತೆ ಹೋಲಿಸಿ ನೋಡು. ಬಣ್ಣ ಗುರುತಿಸುವ ಪರೀಕ್ಷೆಯೂ ಇರುತ್ತದೆ. ಹುಡುಗಿಯರನ್ನು ತಗೋತಾರೆ. ಮೊದಲ ಮಹಿಳಾ ಅಗ್ನಿವೀರವಾಯು ತಂಡ 2023ರಲ್ಲಿ ಬೆಳಗಾವಿಯಲ್ಲೇ ತರಬೇತಿ ಪಡೆಯಿತು. ನಾಲ್ಕು ವರ್ಷ ಮದುವೆ ಆಗುವಂತಿಲ್ಲ, ಇದನ್ನು ಮನೆಯಲ್ಲಿ ಈಗಲೇ ಹೇಳಿಡು.

ಪ್ರಶ್ನೆ: ಮೈಸೂರಿನಲ್ಲಿ ಮೆಕ್ಯಾನಿಕಲ್ ಬಿಇ ಕೊನೆಯ ವರ್ಷ ಓದುತ್ತಿದ್ದೇನೆ. ಟೆಕ್ನಿಕಲ್ ಆಫೀಸರ್ ಆದರೆ ವಿಮಾನ ಮುಟ್ಟಲು ಸಿಗುತ್ತದೆಯೇ, ಅಥವಾ ಬರೀ ಫೈಲೇ?

ಉತ್ತರ: ಮುಟ್ಟಲು ಸಿಗುತ್ತದೆ, ಸ್ಪ್ಯಾನರ್ ಹಿಡಿಯಲು ಅಪರೂಪ. ಸ್ನ್ಯಾಗ್ ಹುಡುಕುವುದು ಫಿಟ್ಟರ್. ಯಾವ ವಿಮಾನ ನಾಳೆ ಹಾರಬೇಕು, ಯಾವುದನ್ನು ನಿಲ್ಲಿಸಬೇಕು, ಬಿಡಿಭಾಗ ಎಲ್ಲಿಂದ ತರಿಸಬೇಕು ಎಂದು ತೀರ್ಮಾನಿಸುವುದು ಆಫೀಸರ್. ದಾರಿ ಎಎಫ್‌ಕ್ಯಾಟ್, ಅಂದರೆ ವಾಯುಪಡೆಗೆ ಆಫೀಸರ್‌ಗಳನ್ನು ಆರಿಸುವ ಪರೀಕ್ಷೆ. ವಯಸ್ಸು 20ರಿಂದ 26. ಬಿಇಯಲ್ಲಿ ಶೇ 60, ಪಿಯುಸಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ತಲಾ ಶೇ 50. ಮೊದಲು ಹೈದರಾಬಾದ್ ಬಳಿಯ ದುಂಡಿಗಲ್ ಅಕಾಡೆಮಿ, ಆಮೇಲೆ ಜಾಲಹಳ್ಳಿಯ ಏರ್‌ಫೋರ್ಸ್ ಟೆಕ್ನಿಕಲ್ ಕಾಲೇಜು. 1949ರಿಂದ ನಮ್ಮ ಆಫೀಸರ್‌ಗಳೆಲ್ಲ ಅಲ್ಲೇ ಎಂಜಿನಿಯರ್‌ಗಳಾದದ್ದು. ಮೊದಲ ಪೋಸ್ಟಿಂಗ್‌ನಲ್ಲಿ ಹಳೆಯ ವಾರಂಟ್ ಆಫೀಸರ್ ಒಬ್ಬರ ಪಕ್ಕ ನಿಂತು ಸುಮ್ನೆ ನೋಡಿ. ಹಾಗೆ ನೋಡಿದ ಆಫೀಸರ್‌ಗಳಿಗೇ ನಾವು ಮನಸಾರೆ ಸಲ್ಯೂಟ್ ಹೊಡೆಯುತ್ತಿದ್ದೆವು.

ಪ್ರಶ್ನೆ: ನಾನು ಸಾರ್ಜೆಂಟ್, ಏರ್‌ಫ್ರೇಮ್ ಟ್ರೇಡ್, ನಿವೃತ್ತಿಗೆ ಮೂರು ವರ್ಷ ಬಾಕಿ. ಆಮೇಲೆ ನಾಗರಿಕ ವಿಮಾನದ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಲೈಸೆನ್ಸ್ ಸುಲಭವಾಗಿ ಸಿಗುತ್ತದಲ್ಲವೇ?

ಉತ್ತರ: ತಾನಾಗಿ ಸಿಗುವುದಿಲ್ಲ, ತಮ್ಮಾ. ಈ ಭ್ರಮೆಯಲ್ಲೇ ನನ್ನ ಜೊತೆಯವರು ಎಷ್ಟೋ ಜನ ಎರಡು ವರ್ಷ ಕಳೆದರು. ಇದಕ್ಕೆ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎಯ ನಿಯಮ ಸಿಎಆರ್-66. ನಮ್ಮ ಟ್ರೇಡ್‌ಗೆ ಹೊಂದುವುದು ಬಿ1, ಅಂದರೆ ಮೆಕ್ಯಾನಿಕಲ್. ಏವಿಯಾನಿಕ್ಸ್‌ನವರಿಗೆ (ವಿಮಾನದ ಎಲೆಕ್ಟ್ರಾನಿಕ್ಸ್) ಬಿ2. ಪರೀಕ್ಷೆಗಳು ಮಾಡ್ಯೂಲ್ ಮಾಡ್ಯೂಲ್ ಆಗಿ ಇರುತ್ತವೆ, ಪಾಸಾಗಲು ಶೇ 75 ಬೇಕು. ನಮ್ಮ ಮಿಲಿಟರಿ ಅನುಭವವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ, ಆದರೆ ಅದರ ಮೇಲೆ ನಾಗರಿಕ ವಿಮಾನಗಳ ಮೇಲೆ ದುಡಿದ ಅನುಭವವೂ ಬೇಕು. ಫೈಟರ್ ಮೇಲೆ 20 ವರ್ಷ ಕಳೆದವನಿಗೂ ಏರ್‌ಬಸ್ ಹೊಸದೇ.

ಈ ಮೂರು ವರ್ಷದಲ್ಲಿ ಮಾಡ್ಯೂಲ್‌ಗಳನ್ನು ಒಂದೊಂದಾಗಿ ಮುಗಿಸುತ್ತ ಬನ್ನಿ. ಮಾನವ ಅಂಶಗಳು (ದಣಿವು, ಮರೆವಿನಂಥ ಕಾರಣಕ್ಕೆ ಮನುಷ್ಯ ಮಾಡುವ ತಪ್ಪುಗಳ ವಿಷಯ) ಮತ್ತು ವಿಮಾನಯಾನ ಕಾನೂನು, ಇವೆರಡು ನಮ್ಮವರಿಗೆ ಕಷ್ಟ, ಯಾಕೆಂದರೆ ಯೂನಿಟ್‌ನಲ್ಲಿ ಅವನ್ನು ಪುಸ್ತಕ ಹಿಡಿದು ಓದಿರುವುದಿಲ್ಲ. ಅವನ್ನೇ ಮೊದಲು ಹಿಡಿಯಿರಿ. ಇನ್ನೊಂದು: ಮಾಡಿದ ಕೋರ್ಸ್‌ಗಳ ಸರ್ಟಿಫಿಕೇಟ್, ಯಾವ ವಿಮಾನದ ಮೇಲೆ ಎಷ್ಟು ಕಾಲ ಯಾವ ಕೆಲಸ ಎಂಬುದರ ದೃಢೀಕರಣ, ಎಲ್ಲವನ್ನೂ ಯೂನಿಟ್ ಬಿಡುವ ಮೊದಲೇ ನಿಯಮದ ಪ್ರಕಾರ ಕೇಳಿ ಪಡೆಯಿರಿ. ಗೇಟ್ ದಾಟಿ ಗುರುತಿನ ಚೀಟಿ ಒಪ್ಪಿಸಿದ ಮೇಲೆ ಅದೇ ಕಾಗದಕ್ಕಾಗಿ ನಾನು ಏಳು ತಿಂಗಳು ಪತ್ರ ಬರೆದಿದ್ದೇನೆ.