ಫೈರ್‌ಫಾಕ್ಸ್ ಅಪ್‌ಗ್ರೇಡ್ ಮಾಡಿದ ಮೇಲೆ ಸೇವ್ ಆಗಿದ್ದ ಪಾಸ್‌ವರ್ಡ್‌ಗಳೆಲ್ಲ ಹೋಗಿವೆ. ವಾಪಸ್ ತೆಗೆಯಲು ಯಾವ ರಿಕವರಿ ಸಾಫ್ಟ್‌ವೇರ್ ಒಳ್ಳೆಯದು?

ಯಾವುದೂ ಬೇಡ. ಪಾಸ್‌ವರ್ಡ್ ತೆಗೆದುಕೊಡುತ್ತೇವೆ ಎನ್ನುವ ಗುರುತು ಪರಿಚಯ ಇಲ್ಲದ ಸಾಫ್ಟ್‌ವೇರ್ ಹಾಕಿದರೆ ಇರುವುದನ್ನೂ ಬೇರೆಯವರ ಕೈಗೆ ಕೊಟ್ಟ ಹಾಗೆ. ನಿಮ್ಮ ಪಾಸ್‌ವರ್ಡ್‌ಗಳು ಬಹುಶಃ ಅದೇ ಕಂಪ್ಯೂಟರಿನಲ್ಲೇ ಇವೆ. ನನ್ನವೂ ಇದ್ದವು. ಆಮೇಲೆ ನಾನೇ ಕೈಯಾರೆ ಅಳಿಸಿದೆ.

ನಾನು ಸಣ್ಣ ವ್ಯಾಪಾರಿಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ಹಾಕಿಕೊಡುತ್ತೇನೆ. ಅವರೆಲ್ಲರ ಲಾಗಿನ್ ಫೈರ್‌ಫಾಕ್ಸಿನಲ್ಲೇ ಸೇವ್ ಆಗಿತ್ತು. 2019ರಲ್ಲಿ 32 ಬಿಟ್ ಫೈರ್‌ಫಾಕ್ಸ್ ತೆಗೆದು 64 ಬಿಟ್‌ನದು ಹಾಕಿದೆ. ತೆರೆದರೆ ಬುಕ್‌ಮಾರ್ಕೂ ಇಲ್ಲ, ಪಾಸ್‌ವರ್ಡೂ ಇಲ್ಲ. ಆ ವರ್ಷದ ಮೇ ತಿಂಗಳಲ್ಲಿ ಬಂದ 67ನೇ ಆವೃತ್ತಿಯಿಂದ, ಬೇರೆ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಆಗುವ ಪ್ರತಿ ಫೈರ್‌ಫಾಕ್ಸ್‌ಗೂ ಅದರದೇ ಪ್ರೊಫೈಲ್, ಅಂದರೆ ಬುಕ್‌ಮಾರ್ಕು, ಪಾಸ್‌ವರ್ಡುಗಳನ್ನೆಲ್ಲ ಇಡುವ ಫೋಲ್ಡರ್, ಇರುತ್ತದೆ. ಹೊಸದು ಖಾಲಿ ಪ್ರೊಫೈಲ್ ತೆರೆದಿತ್ತು. ಹಳೆಯದು ಪಕ್ಕದಲ್ಲೇ ಇತ್ತು. ಇದು ನನಗೆ ಆಗ ಗೊತ್ತಿರಲಿಲ್ಲ.

ಹುಡುಕುತ್ತಾ ಹೋದಾಗ ಆ್ಯಪ್‌ಡೇಟಾ ಅನ್ನುವ ಮರೆಯಾಗಿರುವ ಫೋಲ್ಡರಿನೊಳಗೆ ‘ಲಾಗಿನ್ಸ್.ಜೇಸನ್’ ಫೈಲ್ ಸಿಕ್ಕಿತು. ನೋಟ್‌ಪ್ಯಾಡಿನಲ್ಲಿ ತೆರೆದೆ. ಸೈಟುಗಳ ವಿಳಾಸ ಸ್ಪಷ್ಟವಾಗಿ ಕಾಣಿಸಿತು. ಎಲ್ಲ ಇದರಲ್ಲೇ ಇದೆ ಅಂದುಕೊಂಡು ಅದೊಂದನ್ನೇ ಪೆನ್‌ಡ್ರೈವಿಗೆ ಹಾಕಿ, ಹೇಗೂ ಹಳೆಯ ವಿಂಡೋಸ್ 7 ಅಲ್ವಾ ಎಂದು ಡಿಸ್ಕ್ ಫಾರ್ಮ್ಯಾಟ್ ಮಾಡಿ ವಿಂಡೋಸ್ 10 ಹಾಕಿದೆ.

ಇಲ್ಲೇ ಎಲ್ಲ ಕೆಟ್ಟಿದ್ದು. ಆ ಫೈಲಿನಲ್ಲಿ ಓದಲು ಬರುವುದು ಸೈಟಿನ ವಿಳಾಸ ಮಾತ್ರ. ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಎರಡೂ ಎನ್‌ಕ್ರಿಪ್ಟ್ ಆಗಿರುತ್ತವೆ, ಅಂದರೆ ಓದಲಾಗದ ಗುಪ್ತ ಅಕ್ಷರಗಳಾಗಿರುತ್ತವೆ. ಅವನ್ನು ಬಿಡಿಸುವ ಕೀ ಇರುವುದು ‘ಕೀ4.ಡಿಬಿ’ ಅನ್ನುವ ಇನ್ನೊಂದು ಫೈಲಿನಲ್ಲಿ, ಅದೇ ಫೋಲ್ಡರಿನಲ್ಲಿ. ಎರಡೂ ಜೋಡಿ. ಪ್ರತಿ ಪ್ರೊಫೈಲಿನ ಕೀ ಬೇರೆ, ಆದ್ದರಿಂದ ಹೊಸ ಪ್ರೊಫೈಲಿನ ಕೀ ಹಳೆಯ ಫೈಲಿಗೆ ಆಗುವುದಿಲ್ಲ. ಎರಡನ್ನೂ ತಂದಿದ್ದರೆ ಸಾಕಿತ್ತು. ಪೂರ್ತಿ ಪ್ರೊಫೈಲ್ ಫೋಲ್ಡರನ್ನೇ ತಂದಿದ್ದರೆ ಇನ್ನೂ ಒಳ್ಳೆಯದಿತ್ತು. ಫಾರ್ಮ್ಯಾಟ್ ಆದ ಮೇಲೆ ನನ್ನ ಬಳಿ ಉಳಿದದ್ದು ಯಾರೂ ಬಿಡಿಸಲಾಗದ ಅಕ್ಷರಗಳು.

ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ ಒಟಿಪಿ ಕೇಳಿ ಪಾಸ್‌ವರ್ಡ್ ಬದಲಾಯಿಸಿದೆ. ಒಬ್ಬ ದಿನಸಿ ಅಂಗಡಿಯವರ ಖಾತೆಯಲ್ಲಿ ಇದ್ದದ್ದು ಅವರ ಹಿಂದಿನ ಲೆಕ್ಕಿಗರ ನಂಬರ್. ಒಟಿಪಿ ಅಲ್ಲಿಗೆ ಹೋಗುತ್ತಿತ್ತು. ನಂಬರ್ ಬದಲಾಯಿಸಲು ತೆರಿಗೆ ಕಚೇರಿಗೆ ಅರ್ಜಿ ಕೊಡಬೇಕಾಯಿತು. ಅಷ್ಟರಲ್ಲಿ ರಿಟರ್ನ್ ಹಾಕುವ ಕೊನೆಯ ದಿನವಾದ 20ನೇ ತಾರೀಖು ದಾಟಿತು. ದಿನಕ್ಕೆ 50 ರೂಪಾಯಿ ಲೇಟ್ ಫೀ ನಾನೇ ಕಟ್ಟಿದೆ. ದುಡ್ಡಿಗಿಂತ ಜಾಸ್ತಿ ಬೇಜಾರಾಗಿದ್ದು ನನ್ನನ್ನು ನಂಬಿದವರು ಅಂಗಡಿ ಮುಚ್ಚಿ ಓಡಾಡಬೇಕಾಯಿತಲ್ಲ ಅಂತ.

ಈಗ ನೀವು ಮಾಡಬೇಕಾದ್ದು. ವಿಳಾಸ ಟೈಪ್ ಮಾಡುವ ಜಾಗದಲ್ಲಿ ಇಂಗ್ಲಿಷಿನಲ್ಲಿ ‘ಅಬೌಟ್:ಪ್ರೊಫೈಲ್ಸ್’ ಎಂದು ಬರೆದು ಎಂಟರ್ ಒತ್ತಿ. ಒಂದಕ್ಕಿಂತ ಹೆಚ್ಚು ಪ್ರೊಫೈಲ್ ಕಂಡರೆ, ಈಗ ಬಳಕೆಯಲ್ಲಿ ಇಲ್ಲದ್ದನ್ನು ಅದರ ಕೆಳಗಿನ ಬಟನ್ನಿನಿಂದ ಹೊಸ ಬ್ರೌಸರಿನಲ್ಲಿ ತೆರೆಯಿರಿ. ಅಲ್ಲಿ ‘ಅಬೌಟ್:ಲಾಗಿನ್ಸ್’ ನೋಡಿ. ಪಾಸ್‌ವರ್ಡ್‌ಗಳು ಕಂಡರೆ ಅದೇ ಪ್ರೊಫೈಲನ್ನು ಡಿಫಾಲ್ಟ್ ಮಾಡಿಕೊಳ್ಳಿ. ಏನನ್ನೂ ಡಿಲೀಟ್ ಮಾಡಬೇಡಿ, ಮರು ಇನ್‌ಸ್ಟಾಲ್ ಮಾಡಬೇಡಿ. ಹಿಂದೆ ಪ್ರೈಮರಿ ಪಾಸ್‌ವರ್ಡ್ (ಸೇವ್ ಆದ ಪಾಸ್‌ವರ್ಡ್‌ಗಳಿಗೆಲ್ಲ ಬೀಗ ಹಾಕುವ ಒಂದು ಪಾಸ್‌ವರ್ಡ್) ಇಟ್ಟಿದ್ದರೆ ಅದು ನೆನಪಿರಲೇಬೇಕು, ಅದಿಲ್ಲದೆ ಬಿಡಿಸುವ ದಾರಿ ಇಲ್ಲ.

ಬೇರೆ ಕಂಪ್ಯೂಟರ್, ಫೋನಿನ ಫೈರ್‌ಫಾಕ್ಸಿನಲ್ಲೂ ಅವೇ ಪಾಸ್‌ವರ್ಡ್ ಇರುವಂತೆ ಮಾಡುವ ಸಿಂಕ್ ಇದೆ ಅಂತ ಧೈರ್ಯವಾಗಿ ಇರಬೇಡಿ. ಒಂದು ಕಡೆ ಅಳಿಸಿದ್ದು ಇನ್ನೊಂದು ಕಡೆಯೂ ಅಳಿಯುತ್ತದೆ, ಅದು ಬ್ಯಾಕಪ್ ಅಲ್ಲ. ನಾನಂತೂ ಕೆಲಸದ ಪಾಸ್‌ವರ್ಡ್‌ಗಳನ್ನು ಬ್ರೌಸರಿನಲ್ಲಿ ಇಡುವುದನ್ನೇ ಬಿಟ್ಟು, ಪಾಸ್‌ವರ್ಡ್‌ಗಳನ್ನು ಇಡಲೆಂದೇ ಇರುವ ಕೀಪಾಸ್ ಅನ್ನುವ ಸಾಫ್ಟ್‌ವೇರ್‌ಗೆ ಹೋದೆ. ನೀವೂ ಹಾಗೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಒಂದೇ ಪ್ರೊಫೈಲ್ ಕಂಡರೆ ಡೆಸ್ಕ್‌ಟಾಪಿನಲ್ಲಿ ‘ಓಲ್ಡ್ ಫೈರ್‌ಫಾಕ್ಸ್ ಡೇಟಾ’ ಫೋಲ್ಡರ್ ಇದೆಯೇ ನೋಡಿ. ಫೈರ್‌ಫಾಕ್ಸನ್ನು ಹೊಸದರಂತೆ ಮಾಡುವ ‘ರಿಫ್ರೆಶ್’ ಬಟನ್ ಒತ್ತಿದ್ದರೆ ಹಳೆಯ ಪ್ರೊಫೈಲ್ ಅಲ್ಲಿರುತ್ತದೆ. ವಿಂಡೋಸನ್ನೇ ಅಪ್‌ಗ್ರೇಡ್ ಮಾಡಿದ್ದರೆ, ಹಳೆಯ ವಿಂಡೋಸಿನ ಫೈಲುಗಳಿರುವ ‘ವಿಂಡೋಸ್.ಓಲ್ಡ್’ ಫೋಲ್ಡರ್ ಒಳಗೂ ಹುಡುಕಿ. ಆ ಫೋಲ್ಡರನ್ನು ವಿಂಡೋಸ್ ಸಾಮಾನ್ಯವಾಗಿ 10 ದಿನಕ್ಕೆ ತಾನಾಗಿ ಅಳಿಸುತ್ತದೆ, ಹಾಗಾಗಿ ಇವತ್ತೇ ನೋಡಿ.